ಬಾಗಿಲಿಗೆ ದೂರದ ಮೂಲೆ

ಕೆಮಿಸ್ಟ್ರಿ ಲ್ಯಾಬಿಗೆ ಕಾಲಿಟ್ಟರೆ ನಾನು ಮೊದಲು ನೋಡುವುದು ಫ್ಯೂಮ್ ಹುಡ್, ಅಂದರೆ ಹೊಗೆಯನ್ನು ಎಳೆದು ಹೊರಹಾಕುವ ಗೂಡು, ಎಲ್ಲಿದೆ ಅಂತ. ಬಾಗಿಲಿಗೆ ದೂರದ ಮೂಲೆಯಲ್ಲಿ, ಜನ ಓಡಾಡದ ಕಡೆ ಇದ್ದರೆ ನಕ್ಷೆ ಬರೆದವರಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ. ಹುಡ್‌ನ ಗಾಜಿನ ಪರದೆಯಡಿ ಒಳಗೆ ನುಗ್ಗುವ ಗಾಳಿಯ ವೇಗ ಸೆಕೆಂಡಿಗೆ ಸುಮಾರು 0.5 ಮೀಟರ್, ಅಷ್ಟೆ. ನಮ್ಮ ಮಾಮೂಲಿ ನಡಿಗೆಯೇ ಅದರ ಎರಡು ಪಟ್ಟಿಗಿಂತ ಹೆಚ್ಚು. ಹಾಗಾಗಿ ಬೆನ್ನ ಹಿಂದೆ ಯಾರೋ ಸರ್ರನೆ ಹಾದುಹೋದರೂ ಆ ಸೆಳೆತಕ್ಕೆ ಹೊಗೆ ಹೊರಗೆ ಬಂದು ಕೆಲಸ ಮಾಡುವವರ ಮೂಗಿಗೇ ತಾಗಬಹುದು. ಹುಡ್ ಬಾಗಿಲ ಪಕ್ಕವಿದ್ದರಂತೂ, ಬೆಂಕಿ ಬಿದ್ದಾಗ ತಪ್ಪಿಸಿಕೊಳ್ಳುವ ದಾರಿಯೇ ಬಂದ್.

ಕಣ್ಣು ತೊಳೆಯುವ ಕಾರಂಜಿಯದು ಇನ್ನೂ ಚೆಂದದ ಲೆಕ್ಕ. 10 ಸೆಕೆಂಡಿನಲ್ಲಿ ತಲುಪಬೇಕು, ನಡುವೆ ಮೆಟ್ಟಿಲು ಇರಕೂಡದು. ಆಸಿಡ್ ಸಿಡಿದವರು ಕಣ್ಣು ಮುಚ್ಚಿಕೊಂಡು, ತಡವರಿಸುತ್ತಾ ಬರುವ ಜಾಗವಲ್ಲವೇ ಅದು! ಬಂದಮೇಲೆ 15 ನಿಮಿಷ ನೀರಿಗೆ ಕಣ್ಣೊಡ್ಡಿ ನಿಲ್ಲಬೇಕು. ನಾನು ಓದಿದ ಕಾಲೇಜಿನಲ್ಲಿ ಅದರ ಮುಂದೆ ಮುರಿದ ಸ್ಟೂಲುಗಳ ರಾಶಿ ಬಿದ್ದಿತ್ತು.

ವಿಷದ ಬಾಟಲಿಗಳ ಬೀರುವಿಗೆ ಬೀಗ ಹಾಕಿದರೆ ಸಾಲದು. ಅಟೆಂಡರ್ ಕೂತಲ್ಲಿಂದಲೇ ಅದು ಕಾಣಬೇಕು. ಒಂದು ಲ್ಯಾಬಿನಲ್ಲಿ ಅವರ ಮೇಜನ್ನು ಸುಮ್ಮನೆ ಅರ್ಧ ಸುತ್ತು ತಿರುಗಿಸಿದ್ದರು. ಬೀರು, ಬಾಗಿಲು ಎರಡೂ ಒಂದೇ ನೋಟಕ್ಕೆ ಸಿಕ್ಕಿದ್ದವು.