ಬರೆದವರ ವಯಸ್ಸು ನೋಡಿ ಓದಿ

ಜಯನಗರ ನಾಲ್ಕನೇ ಬ್ಲಾಕಿನ ಪುಸ್ತಕದಂಗಡಿಗಳಲ್ಲಾಗಲಿ, ಗಾಂಧಿ ಬಜಾರಿನ ಅಂಕಿತ ಪುಸ್ತಕ ಮಳಿಗೆಯಲ್ಲಾಗಲಿ ಸ್ವಲ್ಪ ಹೊತ್ತು ನಿಂತರೆ ಇಂಥದೊಂದು ಮಾತು ಕಿವಿಗೆ ಬೀಳುತ್ತದೆ: ‘ಎಂಥಾ ಪುಸ್ತಕ ಸಾರ್! ಇಷ್ಟು ವರ್ಷ ಓದದೇ ಕೂತಿದ್ದೆನಲ್ಲ.’ ಹೇಳುವವರು ಸಾಮಾನ್ಯವಾಗಿ ಈಚೆಗೆ ನಿವೃತ್ತರಾದವರು. ಓದಿ ಮುಗಿಸಿದ್ದು ‘ಮಲೆಗಳಲ್ಲಿ ಮದುಮಗಳು’. ಪುಸ್ತಕ ಅವರ ಮನೆಯ ಷೋಕೇಸಿನಲ್ಲೇ ಇತ್ತು. ಪುರುಸೊತ್ತಾದಾಗ ಒಂದೇ ಪಟ್ಟಿಗೆ ಓದೋಣ ಎಂದುಕೊಂಡಿದ್ದರು. ಮಕ್ಕಳ ಮದುವೆ ಆಗಿ, ಮನೆ ಸಾಲ ತೀರುವ ಹೊತ್ತಿಗೆ ಕಣ್ಣಿಗೆ ಪೊರೆ ಬಂದಿತ್ತು.

ಈ ಹಳಹಳಿಕೆ ಅರ್ಧ ನ್ಯಾಯ, ಅರ್ಧ ಅನವಶ್ಯಕ. ಯಾವ ಪುಸ್ತಕಕ್ಕೆ ಹಳಹಳಿಸಬೇಕು ಎಂದು ತಿಳಿಯಲು ಬರೆದವರ ವಯಸ್ಸು ನೋಡಿದರೆ ಸಾಕು.

‘ಮದುಮಗಳು’ ಬಂದದ್ದು 1967ರಲ್ಲಿ; ಕುವೆಂಪು ಅವರಿಗೆ ಅರವತ್ತು ದಾಟಿತ್ತು. 1956ರಲ್ಲಿ ‘ಚಿಕವೀರ ರಾಜೇಂದ್ರ’ ಪ್ರಕಟವಾದಾಗ ಮಾಸ್ತಿಯವರಿಗೆ ಅರವತ್ತೈದರ ಆಸುಪಾಸು. 1968ರ ‘ಮೂಕಜ್ಜಿಯ ಕನಸುಗಳು’ ಕಾರಂತರಿಗೂ ಅದೇ ಪ್ರಾಯದ ಫಸಲು. ಮೂವರೂ ಬದುಕನ್ನು ಕಂಡುಂಡ ಮೇಲೆ ಬರೆದರು. ‘ಮದುಮಗಳು’ ಕಾದಂಬರಿಯಲ್ಲಿ ಹೂವಳ್ಳಿ ಮನೆತನದ ಚಿನ್ನಮ್ಮನಿಗೆ ಸಿಗುವ ಗಮನವೇ ಆಳುಮಗಳು ತಿಮ್ಮಿಗೂ ಸಿಗುತ್ತದೆ, ಜೀತದಾಳು ಗುತ್ತಿಯ ನಾಯಿ ಹುಲಿಯನಿಗೂ ಸಿಗುತ್ತದೆ. ಇಪ್ಪತ್ತರ ಓದುಗ ಕಥಾನಾಯಕ ಯಾರೆಂದು ಹುಡುಕಿ ಹುಡುಕಿ ಬೇಸತ್ತು ಮುಚ್ಚಿಡಬಹುದು. ಅರವತ್ತರವನಿಗೆ ಆ ಪ್ರಶ್ನೆಯೇ ಏಳುವುದಿಲ್ಲ. ತಡವಾಯಿತು ಎಂದು ಕೊರಗುವ ಹಿರಿಯರು ಸರಿಯಾದ ಹೊತ್ತಿಗೇ ಬಂದಿದ್ದಾರೆ.

‘ಸಂಸ್ಕಾರ’ದ ಲೆಕ್ಕ ಬೇರೆ. 1965ರಲ್ಲಿ ಅದು ಹೊರಬಂದಾಗ ಅನಂತಮೂರ್ತಿಯವರಿಗೆ ಮೂವತ್ತೆರಡು. ಅಗ್ರಹಾರದಲ್ಲಿ ನಾರಣಪ್ಪನ ಹೆಣ ಸುಡುವವರಿಲ್ಲದೆ ಬಿದ್ದಿದೆ, ಮನೆಮನೆಯಲ್ಲೂ ಒಲೆ ಹೊತ್ತಿಲ್ಲ, ಶಾಸ್ತ್ರ ಬಲ್ಲ ಪ್ರಾಣೇಶಾಚಾರ್ಯರಿಗೆ ಉತ್ತರ ಸಿಗುತ್ತಿಲ್ಲ. ಮನೆಯ ಕಟ್ಟಳೆಗಳ ಜೊತೆ ಇನ್ನೂ ಜಗಳ ಮುಗಿಯದ ವಯಸ್ಸಿನಲ್ಲಿ ಇದನ್ನು ಓದಿದರೆ ನಿದ್ದೆ ಕೆಡುತ್ತದೆ. ಅರವತ್ತಕ್ಕೆ ಓದಿದವರು ‘ಚೆನ್ನಾಗಿದೆ’ ಎನ್ನುತ್ತಾರೆ, ಅಷ್ಟೆ. ಕುವೆಂಪು ತಮ್ಮ ಮೂವತ್ತರ ಆಚೀಚೆ ಬರೆದ ‘ಕಾನೂರು ಹೆಗ್ಗಡಿತಿ’ಯ ಹೂವಯ್ಯನ ಆದರ್ಶಗಳ ಬಿಸಿಯೂ ಹೀಗೆಯೇ, ತಡ ಮಾಡಿದಷ್ಟೂ ಆರುತ್ತದೆ.

ನಿಜವಾದ ನಷ್ಟ ಇನ್ನೊಂದಿದೆ. ಮೊದಲ ಓದೇ ಅರವತ್ತಕ್ಕೆ ಆದರೆ, ಮೂವತ್ತರಲ್ಲಿ ಓದಿದ್ದನ್ನು ಮತ್ತೆ ತೆರೆದು ತಾನೆಷ್ಟು ಬದಲಾದೆ ಎಂದು ನೋಡಿಕೊಳ್ಳುವ ಸುಖ ತಪ್ಪಿಹೋಗುತ್ತದೆ. ಅದನ್ನು ಯಾವ ಪುರುಸೊತ್ತೂ ತುಂಬಿಕೊಡದು.

ಹಾಗಾಗಿ ಬಿಟಿಎಂ ಲೇಔಟಿನಿಂದ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೋ ಹತ್ತುವ ಹುಡುಗ ಹುಡುಗಿಯರೇ, ‘ಸಂಸ್ಕಾರ’ ತೆಳು ಪುಸ್ತಕ. ಕೆಲವೇ ದಿನದ ಓಡಾಟದಲ್ಲಿ ಮುಗಿಯುತ್ತದೆ. ಬನಶಂಕರಿ, ಜೆಪಿ ನಗರದ ಹಿರಿಯರೇ, ‘ಮದುಮಗಳು’ ಕೈಗೆತ್ತಿಕೊಳ್ಳಿ. ಪಕ್ಕದಲ್ಲೊಂದು ಹಾಳೆ ಇಟ್ಟುಕೊಂಡು ಪಾತ್ರಗಳ ಹೆಸರು, ಊರು ಬರೆದುಕೊಳ್ಳಿ. ಮೊದಲ ನೂರು ಪುಟಕ್ಕೆ ಅದು ಬೇಕು. ಮಾತುಕತೆಗಳನ್ನು ಗಟ್ಟಿಯಾಗಿ ಓದಿ. ಕಣ್ಣಿನ ಆಪರೇಷನ್ ಆಗಬೇಕಿದ್ದರೆ ಮೊದಲು ಅದನ್ನು ಮುಗಿಸಿಕೊಳ್ಳಿ.