ಒಂದೇ ಅಂಗಿಯೊಳಗೆ ಇಬ್ಬರು

ಅಮೆರಿಕದ ಅಮಾಂಡಾ ಪಾಮರ್, ಜೇಸನ್ ವೆಬ್ಲಿ ಕೂಡಿ 2010ರಲ್ಲಿ ಹೊರತಂದ ‘ಎವೆಲಿನ್ ಎವೆಲಿನ್’ ಆ ಜೋಡಿಯ ಮೊದಲ ಪೂರ್ಣ ಪ್ರಮಾಣದ ಧ್ವನಿಮುದ್ರಿಕೆ. ಹಾಡುಗಳೆಲ್ಲ ಸೇರಿ ಹೇಳುವುದು ಒಂದೇ ಕತೆ: ದೇಹ ಅಂಟಿಕೊಂಡೇ ಹುಟ್ಟಿದ ಅವಳಿ ಸೋದರಿಯರದು. ಪಂಕ್‌ನ ಒರಟುತನಕ್ಕೆ ಹಳೆಯ ಕ್ಯಾಬರೆಯ ಅಣಕ ಬೆರೆತಿದೆ. ರಂಗದ ಮೇಲೆ ಇಬ್ಬರಿಗೂ ಒಂದೇ ಉಡುಪು. ಒಬ್ಬೊಬ್ಬರದು ಒಂದೊಂದು ಕೈ, ಸೇರಿದರೆ ಪಿಯಾನೊ. ಇಬ್ಬರ ಸಹಿ ಬೇಕಾದ ಜಂಟಿ ಖಾತೆಗಳ ನಡುವೆ ದಿನ ಕಳೆಯುವ ನನಗೆ ಈ ಆಟ ರುಚಿಸಿತು.

ಆದರೆ ಸೋದರಿಯರು ನಿಜಕ್ಕೂ ಇದ್ದಾರೆ, ಬಾಲ್ಯದಲ್ಲಿ ದೌರ್ಜನ್ಯ ಉಂಡವರು ಎಂದು ಮೊದಲು ನಂಬಿಸಹೊರಟದ್ದು ನನಗೆ ಒಪ್ಪಿಗೆಯಿಲ್ಲ. ಅಂಗವಿಕಲರೇ ಅನೇಕರು ಆಕ್ಷೇಪಿಸಿದರು. ವೇಷಧಾರಿ ಚೌಕಿಗೆ ಹೋಗಿ ಬಣ್ಣ ತೆಗೆಯಬಹುದು. ಆ ದೇಹದಲ್ಲೇ ಬಾಳುವವರು?

ಕೊನೆಯ ಹಾಡು ಮಾತ್ರ (ಜಾಯ್ ಡಿವಿಷನ್ ತಂಡದ 1980ರ ‘ಲವ್ ವಿಲ್ ಟೇರ್ ಅಸ್ ಅಪಾರ್ಟ್’, ಇಲ್ಲಿ ಪುಟ್ಟ ಯುಕುಲೇಲೆಯೊಂದಿಗೆ) ಅಗಲಿಕೆಯ ಭಯವನ್ನು ವೇಷದ ಹಂಗಿಲ್ಲದೆ ಮುಟ್ಟಿಸುತ್ತದೆ.