ಬಿಳಿ ಅಂಗಿ ಬೇಡ

ಬ್ಯಾಡಗಿಗೆ ಖರೀದಿಗೆ ಹೊರಟವರು ಸೋಮವಾರ ಇಲ್ಲವೇ ಗುರುವಾರ ಹೋಗಿ. ಬಿಳಿ ಅಂಗಿ ಬೇಡ, ಕರವಸ್ತ್ರ ಎರಡಿರಲಿ. ಆ ಎರಡು ದಿನ ಎಪಿಎಂಸಿ ಪ್ರಾಂಗಣದಲ್ಲಿ ಮೆಣಸಿನಕಾಯಿ ಟೆಂಡರು. ಸುಗ್ಗಿಯ ತಿಂಗಳುಗಳಲ್ಲಂತೂ ಚೀಲಗಳ ಸಾಲಿನ ನಡುವೆ ಕಾಲಿಡಲು ಜಾಗವಿರುವುದಿಲ್ಲ. ನಾವು ಹೆಜ್ಜೆಗೊಂದು ಸೀನುತ್ತಿದ್ದರೆ ಹಮಾಲರು ನಗುತ್ತಾರೆ. ಪರವೂರಿನವರೆಂಬ ಗುರುತಿಗೆ ಅಷ್ಟೇ ಸಾಕು.

ಪ್ರಾಂಗಣ ಇರುವುದು ಕಣ್ತುಂಬ ನೋಡಲಿಕ್ಕೆ. ಅಲ್ಲಿನ ಮಾತೆಲ್ಲ ಕ್ವಿಂಟಲ್ ಲೆಕ್ಕದ್ದು. ಎರಡು ಕಿಲೋ ಬೇಕಾದವರು ಪೇಟೆಯ ಅಂಗಡಿಗೇ ಬರಬೇಕು. ಅಲ್ಲೂ ‘ಬ್ಯಾಡಗಿ ಕಾಯಿ ಕೊಡ್ರಿ’ ಎಂದರೆ ಅರ್ಧ ಮಾತಾಯಿತು. ‘ಕಡ್ಡಿನೋ ಡಬ್ಬಿನೋ?’ ಎಂದು ಮರುಪ್ರಶ್ನೆ ಬರುತ್ತದೆ. ಕಡ್ಡಿ ಎಂದರೆ ಉದ್ದ, ತೆಳ್ಳಗೆ, ಮೈತುಂಬ ಸುಕ್ಕು. ಡಬ್ಬಿ ಗಿಡ್ಡ, ದುಂಡು, ಹೊಟ್ಟೆಯಲ್ಲಿ ಬೀಜ ಜಾಸ್ತಿ, ಬೆಲೆಯೂ ಜಾಸ್ತಿ. ನನ್ನ ಓಟು ಡಬ್ಬಿಗೆ. ಎರಡರದ್ದೂ ಬಣ್ಣ ಜೋರು, ಖಾರ ಕಮ್ಮಿ. ಆ ಬಣ್ಣಕ್ಕೇ ಕಾರ್ಖಾನೆಗಳು ಮುಗಿಬಿದ್ದು ಓಲಿಯೊರೆಸಿನ್ ಎಂಬ ಸಾರ ತೆಗೆಯುತ್ತವೆ. ಅದು ತಿನಿಸಿಗೂ ಸೇರುತ್ತದೆ, ತುಟಿಗೆ ಹಚ್ಚುವ ಬಣ್ಣಕ್ಕೂ ಸೇರುತ್ತದೆ.

2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆದರೂ ಮಾರುಕಟ್ಟೆಗೆ ಬಂದು ಬೀಳುವ ರಾಶಿಯಲ್ಲಿ ಬಳ್ಳಾರಿ, ರಾಯಚೂರು, ಆಂಧ್ರದ ಹೊಲಗಳ ಹೈಬ್ರಿಡ್ ಕಾಯಿಯೂ ಧಾರಾಳ. ಅದರ ಮೈ ನುಣುಪು. ಹಾಗಾಗಿ ಮೊದಲು ಸುಕ್ಕು ನೋಡಿ. ಆಮೇಲೆ ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಣಗಿದ್ದರೆ ಬೀಜ ಗಲಗಲ ಎನ್ನುತ್ತದೆ. ಕೋಲ್ಡ್ ಸ್ಟೋರೇಜಿನಿಂದ ಈಗಷ್ಟೇ ಇಳಿದ ಕಾಯಿ ಹೊಸದರಂತೆಯೇ ಮಿಂಚುತ್ತದೆ. ಒಮ್ಮೆ ಆ ಮಿಂಚಿಗೆ ಮರುಳಾಗಿ ಐದು ಕಿಲೋ ತಂದೆ, ತಿಂಗಳೊಳಗೆ ಡಬ್ಬದಲ್ಲಿ ಬೂಸು. ಈಗ ಕೊಂಡಿದ್ದನ್ನು ಎರಡು ದಿನ ಬಿಸಿಲಿಗೆ ಹರವಿ, ತೊಟ್ಟು ಬಿಡಿಸಿ, ಒಂದು ಪಾಲು ಗುಂಟೂರು ಬೆರೆಸಿ ಡಂಕಿನಲ್ಲಿ ಕುಟ್ಟಿಸುತ್ತೇನೆ. ಬಣ್ಣ ಬ್ಯಾಡಗಿಯದು, ಉರಿ ಗುಂಟೂರಿನದು.

ಬ್ಯಾಡಗಿ ಮುಗಿಸಿ ನಾನು ಹೋಗುವುದು ರಾಣೆಬೆನ್ನೂರಿಗೆ, ಅದು ಬಿತ್ತನೆ ಬೀಜದ ಊರು. ಹೊಲವಿಲ್ಲದ ನನ್ನಂಥವರಿಗೆ ಆ ಅಂಗಡಿಗಳ ಬಣ್ಣದ ಪೊಟ್ಟಣಗಳು ಬರೀ ಆಸೆ ಹುಟ್ಟಿಸುತ್ತವೆ. ನಾನು ಅಲ್ಲಿ ಹುಡುಕುವುದು ಕರಿ ಕಂಬಳಿಯನ್ನು. ಹತ್ತಿರದ ಮೇಡ್ಲೇರಿಯ ಕಡೆಯ ಕೈಮಗ್ಗದ್ದಾದರೆ ಚೌಕಾಸಿ ಮಾಡಲು ನನಗೆ ಬಾಯಿ ಬರುವುದಿಲ್ಲ. ಹೊಸ ಕಂಬಳಿ ಹಲಗೆಯಂತೆ ಬಿರುಸಾಗಿದ್ದರೆ ಹೆದರಬೇಡಿ, ಅದು ಹುಣಸೆಬೀಜದ ಗಂಜಿಯ ಪ್ರತಾಪ. ಅಂಗಡಿಯಲ್ಲೇ ಮೆತ್ತಗಿದ್ದರೆ ಅನುಮಾನಿಸಿ, ಉಣ್ಣೆಯ ಜೊತೆ ಬೇರೇನೋ ಸೇರಿರಬಹುದು.

ಇನ್ನು ಹಾವೇರಿಗೆ ಯಾಲಕ್ಕಿ ಕಂಪಿನ ಊರೆಂದು ಹೆಸರು. ಅಲ್ಲಿ ಯಾಲಕ್ಕಿಯ ಗಿಡ ಹುಡುಕಬೇಡಿ, ಒಂದೂ ಸಿಗುವುದಿಲ್ಲ. ಹಿಂದೆ ಮಲೆನಾಡಿನ ಯಾಲಕ್ಕಿ ಘಟ್ಟದಿಂದ ಇಲ್ಲಿಗೆ ಬಂದು, ಅಂಟುವಾಳದ ನೊರೆಯಲ್ಲಿ ಮಿಂದು ಬೆಳ್ಳಗಾಗಿ ಮುಂದಕ್ಕೆ ಹೋಗುತ್ತಿತ್ತು. ಆ ವ್ಯಾಪಾರ ಹೋಯಿತು, ಯಾಲಕ್ಕಿ ಹಾರ ಕಟ್ಟುವ ಕೈಗಳು ಉಳಿದವು. ಪಟವೇಗಾರರ ಮನೆಗಳಲ್ಲಿ ಇಂದಿಗೂ ಒಂದೊಂದೇ ಕಾಯಿಯನ್ನು ರೇಷ್ಮೆ ದಾರ, ಜರಿ, ಮಣಿಗಳ ಜೊತೆ ಪೋಣಿಸುತ್ತಾರೆ. 2023ರ ಜನವರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಹಾವೇರಿಯಲ್ಲೇ ನಡೆದಾಗ ಈ ಹಾರದ ಮಾತು ನಾಡಿಗೆಲ್ಲ ಮುಟ್ಟಿತು. ಎಳೆ ಹೆಚ್ಚಾದಂತೆ ಬೆಲೆ ಏರುತ್ತದೆ. ಮಣಿ, ಜರಿಯ ಥಳಕು ಕಮ್ಮಿಯಿದ್ದು ಕಾಯಿ ಒತ್ತಾಗಿರುವ ಹಾರವೇ ನನಗಿಷ್ಟ. ಕಾಯಿಗಳೆಲ್ಲ ಒಂದೇ ಗಾತ್ರದ್ದಿವೆಯೇ ಎಂದು ಬೆರಳಾಡಿಸಿ ನೋಡಿ. ಮದುವೆಗಾದರೆ ಮೊದಲೇ ಹೇಳಿಡಬೇಕು, ಹೋದ ಗಳಿಗೆಗೆ ಸಿಗುವ ಸಾಮಾನಲ್ಲ ಅದು.

ಹಾರವನ್ನೂ ಮೆಣಸಿನಕಾಯಿಯನ್ನೂ ಒಂದೇ ಚೀಲಕ್ಕೆ ತುಂಬಬೇಡಿ. ನಾನು ತುಂಬಿದ್ದೆ. ತಂಗಿಯ ಮಗ ಆ ಹಾರ ಹಾಕಿಕೊಂಡು ತಾಳಿ ಕಟ್ಟಿ ಮುಗಿಸುವಷ್ಟರಲ್ಲಿ ಹನ್ನೊಂದು ಸಲ ಸೀನಿದ.